ಬಲಗಡೆಯ ನೋವು, ಎಡಗಡೆಯ ನೋವು

ನನ್ನ ತೊಡೆಸಂದಿಯ ಮೇಲೆ ಎರಡು ಗೆರೆಗಳಿವೆ. ಬಲಗಡೆಯದ್ದು 2013ರದ್ದು, ಎಡಗಡೆಯದ್ದು 2023ರ ನವೆಂಬರಿನದ್ದು. ಎರಡೂ ಹರ್ನಿಯಾ ಆಪರೇಷನ್. ಎರಡೂ ಸಲ ತೆರೆದು, ಒಳಗೆ ಬಲೆ ಇಟ್ಟು ಹೊಲಿದಿದ್ದಾರೆ. ಎರಡೂ ಸಲ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡಿದ್ದು. ದೇಹ ಅದೇ, ಕೆಲಸ ಅದೇ. ಆದರೆ ಆಮೇಲಿನ ನೋವಿಗೆ ಅಜಗಜಾಂತರ. ಅದು ಯಾಕೆ ಹಾಗಾಯ್ತು ಅಂತ ತಿಳಿದುಕೊಳ್ಳಲು ಹೋದಾಗ, ಹತ್ತು ವರ್ಷ ನಾನು ನಂಬಿಕೊಂಡಿದ್ದ ಒಂದು ಮಾತು ತಪ್ಪು ಅಂತ ಗೊತ್ತಾಯಿತು: ಜಾಸ್ತಿ ಮದ್ದು ಕೊಟ್ಟು ಆಳಕ್ಕೆ ಮಲಗಿಸಿದರೆ ಆಮೇಲೆ ನೋವಿರುವುದಿಲ್ಲ ಅನ್ನುವ ಮಾತು. ಅದನ್ನು ನಮ್ಮ ಊರಿನ ತುಂಬಾ ಜನ ಇನ್ನೂ ನಂಬಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹರ್ನಿಯಾಕ್ಕೆ ಹೆಚ್ಚಿನವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ನನಗೆ ಅದು ಆಗಲಿಲ್ಲ. ಚಿಕ್ಕ ಪ್ರಾಯದಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನಿಗೆ ರಾಡು, ಸ್ಕ್ರೂ ಹಾಕಿಸಿಕೊಂಡವನು ನಾನು. 2013ರಲ್ಲಿ ಬೆನ್ನಿನಲ್ಲಿ ಮೂರು ಸಲ ಸೂಜಿ ಹಾಕಿ ನೋಡಿದರು, ಜಾಗ ಸಿಗಲಿಲ್ಲ. ಕೊನೆಗೆ ಕೈಗೆ ಮದ್ದು ಕೊಟ್ಟು ಮಲಗಿಸಿದರು.

ಎಚ್ಚರವಾದದ್ದು ನೋವಿಗೆ. ಕಣ್ಣು ಬಿಡುವ ಮೊದಲೇ ನೋವು ಬಂದಿತ್ತು. ಯಾರೋ ಬಲಗಡೆ ತೊಡೆಸಂದಿಗೆ ಕಾದ ಕತ್ತಿ ಇಟ್ಟು ಹಾಗೇ ಬಿಟ್ಟಿದ್ದಾರೆ ಅನ್ನುವ ಹಾಗೆ. ಕೂಗಿದೆ. ಸಿಸ್ಟರ್ ಬಂದು, ಡಾಕ್ಟರನ್ನು ಕೇಳಿ ಇಂಜೆಕ್ಷನ್ ಕೊಡುವಷ್ಟರಲ್ಲಿ ಎಷ್ಟು ಹೊತ್ತಾಯಿತೋ, ನನಗಂತೂ ಒಂದು ರಾತ್ರಿ ಕಳೆದ ಹಾಗಾಗಿತ್ತು. ಮೂರು ದಿನ ಕೆಮ್ಮು ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಗಾಯ ಮಾಗಿದ ಮೇಲೂ ಬಿಡಲಿಲ್ಲ. ಸ್ಕೂಟರಿಗೆ ಕಾಲು ಎತ್ತಿ ಹಾಕುವಾಗ ತೊಡೆಯ ಒಳಬದಿಗೆ ಕರೆಂಟು ಹೊಡೆದ ಹಾಗೆ ಒಂದು ಸೆಳೆತ. ಅದು ಎಂಟು ತಿಂಗಳು ಇತ್ತು.

ನಾನು ಆಗ ಮಾಡಿಕೊಂಡ ತೀರ್ಮಾನ ಇಷ್ಟೇ: ಮದ್ದು ಕಡಿಮೆ ಕೊಟ್ಟಿದ್ದಾರೆ, ಸರಿಯಾಗಿ ಮಲಗಿಸಲಿಲ್ಲ. ನಿದ್ದೆ ಆಳವಾಗಿದ್ದರೆ ದೇಹಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ, ಆಮೇಲೆ ಇಷ್ಟು ನೋವೂ ಇರುತ್ತಿರಲಿಲ್ಲ. ಇದನ್ನು ಮದುವೆ ಮನೆಯಲ್ಲಿ, ಸೊಸೈಟಿಯ ಜಗಲಿಯಲ್ಲಿ ಹತ್ತಾರು ಜನರಿಗೆ ಹೇಳಿದ್ದೇನೆ. "ಆಪರೇಷನ್ ಇದ್ದರೆ ಜಾಸ್ತಿ ಮದ್ದು ಕೊಡಲು ಹೇಳಿ" ಅಂತ ಸಲಹೆಯನ್ನೂ ಕೊಟ್ಟಿದ್ದೇನೆ. ಆ ಸಲಹೆ ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೊನೆವರೆಗೆ ಓದಿ.

ಎಡಗಡೆಯ ಉಬ್ಬು ಕಾಣಿಸಿದ್ದು 2022ರ ಮಳೆಗಾಲದಲ್ಲಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಸಮಯ. ಸಂಜೆ ಸ್ನಾನಕ್ಕೆ ಹೋದಾಗ ಕೈಗೆ ಸಿಕ್ಕಿತು. ಮಲಗಿದರೆ ಒಳಗೆ ಹೋಗುತ್ತದೆ, ನಿಂತರೆ ಹೊರಗೆ ಬರುತ್ತದೆ. ಏನು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಒಂದು ವರ್ಷಕ್ಕಿಂತ ಜಾಸ್ತಿ ಯಾರಿಗೂ ಹೇಳಲಿಲ್ಲ. ಬೆಲ್ಟ್ ಕಟ್ಟಿಕೊಂಡು ತೋಟಕ್ಕೆ ಹೋದೆ. ಆಪರೇಷನ್ನಿನ ಹೆದರಿಕೆ ಅಲ್ಲ ಅದು, ಎಚ್ಚರವಾಗುವ ಹೆದರಿಕೆ. ಕೊನೆಗೆ ಹೆಂಡತಿಗೆ ಗೊತ್ತಾಗಿ, ಅವಳೇ ಸರ್ಜನ್ ಹತ್ತಿರ ಕರೆದುಕೊಂಡು ಹೋದಳು. ಅವರು ನೇರವಾಗಿ ಹೇಳಿದರು: ಕರುಳು ಆ ಸಂದಿನಲ್ಲಿ ಸಿಕ್ಕಿಹಾಕಿಕೊಂಡು ರಕ್ತ ಹರಿಯುವುದು ನಿಂತರೆ ರಾತ್ರೋರಾತ್ರಿ ಕೊಯ್ಯಬೇಕಾಗುತ್ತದೆ, ಆಗ ಯಾವುದನ್ನೂ ಆರಿಸಿಕೊಳ್ಳಲು ನಿಮಗೆ ಸಮಯ ಇರುವುದಿಲ್ಲ.

ನಮ್ಮದು ಕೇರಳದ ಕಾಸರಗೋಡು ಕಡೆ. ಇಲ್ಲಿಯವರಿಗೆ ದೊಡ್ಡ ಕಾಯಿಲೆ ಅಂದರೆ ಗಡಿಯಾಚೆಯ ಮಂಗಳೂರು. ಅಜ್ಜನ ಕಾಲದಿಂದಲೂ ಹಾಗೇ. ಆದರೆ 2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ, ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದನ್ನು, ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತದ್ದನ್ನು ನಾವು ಮರೆತಿಲ್ಲ. ಆಪರೇಷನ್ ಆದ ಮೇಲೆ ರಾತ್ರಿ ಏನಾದರೂ ಆದರೆ ಬೇಗ ತಲುಪುವ ಜಾಗ ಬೇಕು ಅನ್ನಿಸಿತು. ಹಾಗಾಗಿ ಈ ಸಲ ಕಾಸರಗೋಡಿನಲ್ಲೇ ಒಂದು ಆಸ್ಪತ್ರೆ ನೋಡಿದೆವು.

ಆಪರೇಷನ್ನಿಗೆ ನಾಲ್ಕು ದಿನ ಮೊದಲು ಅನಸ್ತೇಸಿಯಾ ಡಾಕ್ಟರ, ಅಂದರೆ ಅರಿವಳಿಕೆ ಕೊಡುವವರ, ಹತ್ತಿರ ಕಳಿಸಿದರು. 2013ರಲ್ಲಿ ಇಂಥ ಡಾಕ್ಟರನ್ನು ನಾನು ನೋಡಿದ್ದು ಆಪರೇಷನ್ ಟೇಬಲಿನ ಮೇಲೆ ಮಾತ್ರ, ಅದೂ ಮಾಸ್ಕಿನ ಮೇಲಿನ ಎರಡು ಕಣ್ಣು. ಈ ಸಲ ಒಂದು ಸಣ್ಣ ಕೋಣೆಯಲ್ಲಿ ಎದುರಿಗೆ ಕೂತು ಮಾತಾಡಿದರು. ಪ್ರಾಯ ಮೂವತ್ತೈದರ ಆಚೆ ಈಚೆ ಇರಬಹುದು. ಕನ್ನಡ ಚೆನ್ನಾಗಿ ಬರುತ್ತಿತ್ತು. ಬಾಯಿ ದೊಡ್ಡದಾಗಿ ತೆರೆಯಿರಿ ಅಂದರು, ಕತ್ತು ಹಿಂದೆ ಬಾಗಿಸಿ ನೋಡಿದರು, ಅಲ್ಲಾಡುವ ಹಲ್ಲು ಉಂಟಾ ಕೇಳಿದರು. ಗೊರಕೆ, ಬೀಡಿ, ಎಲೆಯಡಿಕೆ, ಬಿಪಿ ಎಲ್ಲಾ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, "ಹಿಂದೆ ಆಪರೇಷನ್ ಆದಾಗ ಹೇಗಿತ್ತು?" ಅಂದರು.

ನಾನು ಹತ್ತು ವರ್ಷದ ಸಿಟ್ಟನ್ನೆಲ್ಲ ಹೇಳಿದೆ. ಕೊನೆಗೆ, "ಡಾಕ್ಟ್ರೇ, ಈ ಸಲ ನನ್ನನ್ನು ಸರಿಯಾಗಿ ಆಳಕ್ಕೆ ಕಳಿಸಿ. ಡಬಲ್ ಮದ್ದು ಬೇಕಾದರೂ ಕೊಡಿ. ಆಮೇಲೆ ನೋವಾಗಬಾರದು" ಅಂದೆ.

ಅವರು ಮಧ್ಯದಲ್ಲಿ ಬಾಯಿ ಹಾಕಲಿಲ್ಲ. ಎಲ್ಲಾ ಕೇಳಿದ ಮೇಲೆ ಒಂದು ಪ್ರಶ್ನೆ ಕೇಳಿದರು: "ಆವತ್ತು ಆಪರೇಷನ್ ನಡೆಯುವಾಗ ನಿಮಗೆ ಏನಾದರೂ ಕೇಳಿಸಿತಾ? ಏನಾದರೂ ನೆನಪು ಉಂಟಾ?"

ಇಲ್ಲ. ಏನೂ ಇಲ್ಲ. ಮದ್ದು ಕೈಗೆ ಹೋದದ್ದು ನೆನಪಿದೆ, ಆಮೇಲೆ ನೋವು ನೆನಪಿದೆ. ಮಧ್ಯದ ಜಾಗ ಖಾಲಿ.

"ಹಾಗಾದರೆ ನಿಮ್ಮ ನಿದ್ದೆ ಸಾಕಷ್ಟು ಆಳವಾಗಿಯೇ ಇತ್ತು. ಕೊರತೆ ಆದದ್ದು ನಿದ್ದೆಯಲ್ಲಿ ಅಲ್ಲ" ಅಂದರು.

ಆಮೇಲೆ ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಪೂರ್ತಿ ಅರಿವಳಿಕೆ ಅಂದರೆ ನಾವು ಒಂದೇ ಮದ್ದು ಅಂದುಕೊಳ್ಳುತ್ತೇವೆ. ಅದು ಮೂರು ಕೆಲಸಗಳ ಜೋಡಣೆ. ಪ್ರಜ್ಞೆ ಹೋಗಬೇಕು, ಸ್ನಾಯು ಸಡಿಲ ಆಗಬೇಕು, ನೋವಿನ ಸುದ್ದಿ ತಡೆಯಬೇಕು. ಪ್ರಜ್ಞೆ ತೆಗೆಯುವ ಮದ್ದು ಮುಖ್ಯವಾಗಿ ಮೆದುಳನ್ನು ಮಲಗಿಸುತ್ತದೆ. ಕತ್ತಿ ತಾಗಿದ ಜಾಗದಿಂದ ಹೊರಟ ಸುದ್ದಿ ನರದಲ್ಲಿ ಬೆನ್ನುಹುರಿಯವರೆಗೆ ಬರುತ್ತಲೇ ಇರುತ್ತದೆ. ಮೆದುಳು ಮಲಗಿರುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಎಷ್ಟೋ ಸಲ ಗಾಢ ನಿದ್ದೆಯಲ್ಲಿ ಇರುವವರಿಗೂ ಮೊದಲ ಕೊಯ್ತ ಹಾಕಿದ ತಕ್ಷಣ ಎದೆಬಡಿತ ಜೋರಾಗುತ್ತದೆ, ಬಿಪಿ ಏರುತ್ತದೆ. ದೇಹಕ್ಕೆ ಗೊತ್ತಾಗಿದೆ ಅಂತ ಅದರ ಅರ್ಥ.

ಇನ್ನೊಂದು ಮಾತು ಹೇಳಿದರು, ಅದು ನನ್ನ ಮನಸ್ಸಲ್ಲಿ ಕೂತುಬಿಟ್ಟಿತು. ಬೆನ್ನುಹುರಿ ಸುಮ್ನೆ ಸುದ್ದಿ ದಾಟಿಸುವ ತಂತಿ ಅಲ್ಲವಂತೆ. ನೋವಿನ ಸುದ್ದಿ ಒಂದೇ ಸಮನೆ ಬರುತ್ತಿದ್ದರೆ ಅದು ಕೆರಳುತ್ತದೆ. ಆಮೇಲೆ ಸಣ್ಣ ಸುದ್ದಿಯನ್ನೂ ದೊಡ್ಡದು ಮಾಡಿ ಮೇಲೆ ಕಳಿಸುತ್ತದೆ. ಬಟ್ಟೆ ತಾಗಿದರೂ ಉರಿ, ಕೆಮ್ಮಿದರೆ ಇರಿತ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ ಇಲಿಗಳಲ್ಲಿ ಇದನ್ನು ತೋರಿಸಿದ ಮೇಲೆ ಡಾಕ್ಟರುಗಳು ನೋವನ್ನು ನೋಡುವ ರೀತಿಯೇ ಬದಲಾಯಿತಂತೆ. ಮಲಗಿರುವವನ ಬೆನ್ನುಹುರಿಯೂ ಹೀಗೆ ಕೆರಳಬಹುದು. ಎಚ್ಚರವಾದಾಗ ಅವನಿಗೆ ಸಿಗುವುದು ಆ ಕೆರಳಿದ ಬೆನ್ನುಹುರಿ.

ನಮ್ಮ ತೋಟಕ್ಕೆ ನೀರು ಸುರಂಗದಿಂದ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ ನಮ್ಮ ಊರುಗಳಲ್ಲಿ ಮನೆಮನೆಗೂ ಉಂಟಲ್ಲ. ಒಳಗೆ ಹೋದ ಹಾಗೆ ಹೊರಗಿನ ಬೆಳಕು ಹೋಗುತ್ತದೆ, ಸದ್ದು ಹೋಗುತ್ತದೆ. ಆದರೆ ಕಾಲ ಕೆಳಗಿನ ನೀರು ನಿಲ್ಲುವುದಿಲ್ಲ. ಎಷ್ಟು ಆಳಕ್ಕೆ ಹೋದರೂ ಅದು ಹರಿಯುತ್ತಲೇ ಇರುತ್ತದೆ. ನೀರು ನಿಲ್ಲಬೇಕಾದರೆ ಕಟ್ಟ ಹಾಕಬೇಕು. ನಾನು ಇದನ್ನು ಹೇಳಿದಾಗ ಡಾಕ್ಟ್ರು ತಲೆ ಆಡಿಸಿ, "ಹಾಂ, ನಾವು ಈ ಸಲ ಕಟ್ಟ ಹಾಕುವ" ಅಂದರು.

ಆದರೆ ನಾನು ಅಷ್ಟಕ್ಕೆ ಬಿಡಲಿಲ್ಲ. ಆಳ ಜಾಸ್ತಿ ಮಾಡಿದರೆ ಸ್ವಲ್ಪವಾದರೂ ನೋವು ಕಡಿಮೆ ಆಗುವುದಿಲ್ಲವಾ ಅಂತ ಕೇಳಿದೆ. ಅವರು ಸುಮ್ನೆ ಇಲ್ಲ ಅಂದುಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ ಅಂದರು. ಹಣೆಗೆ ಪಟ್ಟಿ ಅಂಟಿಸಿ ಮೆದುಳಿನ ಅಲೆಗಳನ್ನು ಓದುವ ಒಂದು ಯಂತ್ರ ಉಂಟು, ಹೆಸರು ಬಿಸ್. ಅದು ಸೊನ್ನೆಯಿಂದ ನೂರರವರೆಗೆ ಒಂದು ಅಂಕಿ ತೋರಿಸುತ್ತದೆ. ಪೂರ್ತಿ ಎಚ್ಚರ ಇದ್ದವರಿಗೆ ನೂರರ ಹತ್ತಿರ. ಆಪರೇಷನ್ ಮಾಡುವಾಗ 40ರಿಂದ 60ರ ಮಧ್ಯೆ ಇಡುತ್ತಾರೆ. ಕೆಲವರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಇನ್ನೂ ಆಳಕ್ಕೆ ಇಳಿಸಿ, ಆಮೇಲೆ ಯಾರಿಗೆ ನೋವು ಜಾಸ್ತಿ ಅಂತ ನೋಡಿದ್ದಾರೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಆಳದ ಗುಂಪಿಗೆ ಮೊದಲ ಕೆಲವು ಗಂಟೆ ನೋವು ಕಡಿಮೆ ಕಂಡಿದೆ. ಬೇರೆ ಕೆಲವಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ. "ಅದನ್ನು ನಂಬಿಕೊಂಡು ನಿಮ್ಮನ್ನು ಆಳಕ್ಕೆ ಇಳಿಸುವುದಕ್ಕೆ ನನಗೆ ಧೈರ್ಯ ಇಲ್ಲ. ಆಳಕ್ಕೆ ಬೆಲೆ ಉಂಟು" ಅಂದರು.

ಆ ಬೆಲೆ ಏನು ಅಂತಲೂ ಹೇಳಿದರು. ಬಿಪಿ ಇಳಿಯುತ್ತದೆ. ಎಚ್ಚರವಾಗಲು ತಡ. ವಯಸ್ಸಾದವರಿಗೆ ಆಮೇಲೆ ಭ್ರಮೆ, ಗೊಂದಲ. ಈ ಕೊನೆಯ ಮಾತು ಕೇಳಿ ನನಗೆ ಅಪ್ಪನ ನೆನಪಾಯಿತು. ಸೊಂಟದ ಆಪರೇಷನ್ ಆದ ಮೇಲೆ ಎರಡು ರಾತ್ರಿ ಅವರು ನನ್ನನ್ನೇ ಗುರುತು ಹಿಡಿಯಲಿಲ್ಲ. ತೀರಿಹೋದ ತಮ್ಮನ ಹೆಸರು ಹಿಡಿದು ಕರೆಯುತ್ತಿದ್ದರು. ವಯಸ್ಸಿನ ದೋಷ ಅಂತ ನಾವೆಲ್ಲ ಸುಮ್ಮನಾಗಿದ್ದೆವು. ಮನೆಗೆ ಬಂದ ಮೇಲೆ ಇದರ ಬಗ್ಗೆ ಓದಿದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 60 ದಾಟಿದ 6,600ಕ್ಕೂ ಹೆಚ್ಚು ಜನರನ್ನು ನೋಡಿದ್ದಾರೆ. ಒಂದು ಗುಂಪಿಗೆ ಬಿಸ್ ಅಂಕಿ 50ರ ಗುರಿ, ಇನ್ನೊಂದಕ್ಕೆ 35ರ ಗುರಿ. ಒಂದು ವರ್ಷದ ಒಳಗೆ ತೀರಿಕೊಂಡವರ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಅದೇ ಅಧ್ಯಯನದ ಒಂದು ಭಾಗದಲ್ಲಿ ಸುಮಾರು 500 ಜನರ ಗೊಂದಲವನ್ನು ಬೇರೆಯಾಗಿ ಅಳೆದಾಗ, ಆಳದ ಗುಂಪಿನಲ್ಲಿ ನೂರಕ್ಕೆ 28 ಜನರಿಗೆ, 50ರ ಗುರಿಯ ಗುಂಪಿನಲ್ಲಿ 19 ಜನರಿಗೆ ಅದು ಬಂದಿತ್ತು. ಅಪ್ಪನಿಗೆ ಆದದ್ದು ಅದರಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೆ "ಜಾಸ್ತಿ ಮದ್ದು ಕೊಡಿ" ಅಂತ ನಾನು ಹಂಚಿದ ಸಲಹೆ ಎಂಥದ್ದು ಅಂತ ಆ ರಾತ್ರಿ ಕೂತು ಯೋಚಿಸಿದೆ.

ಯಾರಿಗೆ ನೋವು ಜಾಸ್ತಿ ಬರಬಹುದು ಅನ್ನುವುದಕ್ಕೂ ಕೆಲವು ಸೂಚನೆಗಳಿವೆ ಅಂತ ಡಾಕ್ಟ್ರು ಆವತ್ತೇ ಹೇಳಿದ್ದರು. ಮೊದಲೇ ಆ ಜಾಗದಲ್ಲಿ ಅಥವಾ ಬೇರೆಲ್ಲಾದರೂ ತುಂಬಾ ದಿನದ ನೋವು ಇದ್ದವರು, ತುಂಬಾ ಹೆದರಿಕೆ ಇರುವವರು, ಹಿಂದಿನ ಆಪರೇಷನ್ನಿನಲ್ಲಿ ನೋವು ತಿಂದವರು. ನನ್ನಲ್ಲಿ ಮೂರೂ ಇತ್ತು. ಬೆನ್ನುನೋವಿಗೆ ಇಪ್ಪತ್ತು ವರ್ಷ ಹತ್ತಿರ ಬಂದಿದೆ. ಬಲಗಡೆಯ ಕರೆಂಟಿನ ಸೆಳೆತದ ಬಗ್ಗೆ ಹೇಳಿದಾಗ ಅವರು ಬರೆಯುವುದನ್ನು ನಿಲ್ಲಿಸಿ ಪುನಃ ಕೇಳಿದರು. ಉರಿಯಾ, ಚುಚ್ಚುತ್ತದಾ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ. ಅದು ಗಾಯದ ನೋವಲ್ಲ, ನರದ ನೋವು ಅಂತ ಅವರೇ ವಿವರಿಸಿದರು. ಹರ್ನಿಯಾ ಆದ ಜಾಗದಲ್ಲಿ ಮೂರು ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ, ಅಥವಾ ಹೊಲಿಗೆಯಲ್ಲಿ, ಬಲೆಯಲ್ಲಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ಈ ಆಪರೇಷನ್ ಆದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಹತ್ತಿರ ತಿಂಗಳುಗಟ್ಟಲೆ ತೊಂದರೆ ಕೊಡುವ ನೋವು ಉಳಿಯುತ್ತದಂತೆ. ಎಂಟು ತಿಂಗಳು ನನ್ನೊಬ್ಬನಿಗೇ ಏನೋ ಆಗಿದೆ ಅಂದುಕೊಂಡು ಬದುಕಿದವನಿಗೆ ಈ ಒಂದು ಮಾತು ಎಷ್ಟು ಸಮಾಧಾನ ಕೊಟ್ಟಿತು ಅಂತ ಹೇಳಲು ಆಗುವುದಿಲ್ಲ.

ಹೊರಡುವಾಗ ಒಂದು ಹಾಳೆ ಕೊಟ್ಟರು. ಘನ ಆಹಾರ ಆರು ಗಂಟೆ ಮೊದಲು ನಿಲ್ಲಿಸಬೇಕು. ನೀರು, ಹಾಲಿಲ್ಲದ ಚಾ ಎರಡು ಗಂಟೆ ಮೊದಲಿನವರೆಗೆ ಆಗಬಹುದು. 2013ರಲ್ಲಿ ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರು ಬಿಡದೆ ಕೂರಿಸಿದ್ದರು. ಈ ಸಲ ಬೆಳಿಗ್ಗೆ ಆರು ಗಂಟೆಗೆ ಕ್ಯಾಂಟೀನಿನಿಂದ ಕಟ್ಟನ್ ಚಾಯ ತಂದು ಕುಡಿದೆ. ಒಂದು ಗ್ಲಾಸು ಚಾ ಮನುಷ್ಯನನ್ನು ಇಷ್ಟು ಸಮಾಧಾನ ಮಾಡುತ್ತದೆ ಅಂತ ಗೊತ್ತಿರಲಿಲ್ಲ.

ಒಪ್ಪಿಗೆ ಪತ್ರದ ವಿಷಯ ಮಾತ್ರ ಹೇಳಲೇಬೇಕು. ಅದು ಮಲಯಾಳದಲ್ಲಿ ಇತ್ತು, ಇನ್ನೊಂದು ಬದಿ ಇಂಗ್ಲಿಷು. ಮಲಯಾಳ ನನಗೆ ಮಾತಾಡಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಪ್ರಾಯದವರು ಹೆಚ್ಚಿನವರು ಹೀಗೇ. ಕನ್ನಡದ್ದು ಉಂಟಾ ಕೇಳಿದೆ, ಇಲ್ಲ ಅಂದರು. ಜೀವದ ಮೇಲಿನ ಸಹಿ ಅದು. ಓದದೆ ಹಾಕುವುದಿಲ್ಲ ಅಂತ ಕೂತೆ. ಆಗ ರಾತ್ರಿ ಪಾಳಿಯ ಸಿಸ್ಟರ್, ಬೆಳಿಗ್ಗೆ ಮನೆಗೆ ಹೊರಟವರು, ಬ್ಯಾಗು ಕೆಳಗಿಟ್ಟು ಒಂದೊಂದೇ ಸಾಲು ಓದಿ ತುಳುವಿನಲ್ಲಿ ಹೇಳಿದರು. ಕಾಲು ಗಂಟೆ ಹಿಡಿಯಿತು. ಅವರಿಗೆ ನಾನು ಋಣಿ. ಆದರೆ ಕಾಸರಗೋಡಿನ ಆಸ್ಪತ್ರೆಯಲ್ಲಿ ಕನ್ನಡದ ಒಂದು ಹಾಳೆ ಇರಬೇಕು ಅಂತ ಕೇಳುವುದು ಜಾಸ್ತಿ ಆಯಿತಾ?

ಒಳಗೆ ಕರೆದುಕೊಂಡು ಹೋದರು. ಬೈಸ್ಟಾಂಡರ್ ಹೊರಗೆ ಇರಬೇಕು ಅಂದರು, ಹೆಂಡತಿ ಬಾಗಿಲಲ್ಲೇ ನಿಂತಳು. ಒಳಗೆ ಚಳಿ. ಹಣೆಗೆ ಒಂದು ಪಟ್ಟಿ ಅಂಟಿಸಿದರು. ಒಂದು ಬದಿಯಿಂದ ಹುಬ್ಬಿನ ಮೇಲೆ ಹಾದು ಕಣ್ಣಿನ ಪಕ್ಕದವರೆಗೆ ಬರುವಂಥದ್ದು. ಅದರಲ್ಲಿ ಸಣ್ಣ ಸಣ್ಣ ಬಿಲ್ಲೆಗಳು. ಒಂದೊಂದನ್ನೂ ಬೆರಳಲ್ಲಿ ಒತ್ತಿ ಹಿಡಿದರು. ಒಳಗೆ ಒರಟು, ಬೆಕ್ಕಿನ ನಾಲಿಗೆ ತಾಗಿದ ಹಾಗೆ. ತಲೆ ತಿರುಗಿಸಿ ನೋಡಿದೆ, ಪರದೆಯಲ್ಲಿ 97 ಅಂತ ಇತ್ತು. ಅದು ನಾನು. ನನ್ನ ಎಚ್ಚರಕ್ಕೆ ಒಂದು ಅಂಕಿ.

"ಪೇಡಿಕ್ಕಂಡ, ಕೇಟ್ಟೋ" ಅಂದರು ತಲೆಯ ಹತ್ತಿರ ನಿಂತ ಸಿಸ್ಟರ್. ಹೆದರಬೇಡಿ ಅಂತ. ಹಾಲಿನ ಬಣ್ಣದ ಮದ್ದು ಕೈಯ ನರಕ್ಕೆ ಹೋಯಿತು. ಮೊಣಕೈವರೆಗೆ ಉರಿ. ಉರಿಯುತ್ತದೆ ಅಂತ ಡಾಕ್ಟ್ರು ಮೊದಲೇ ಹೇಳಿದ್ದರಿಂದ ಹೆದರಿಕೆ ಆಗಲಿಲ್ಲ. 97 ಯಾವಾಗ ಇಳಿಯುತ್ತದೆ ನೋಡಬೇಕು ಅಂದುಕೊಂಡಿದ್ದೆ. ನೋಡಲು ಆಗಲಿಲ್ಲ.

ಮುಂದಿನದ್ದು ಅವರು ಆಮೇಲೆ ಹೇಳಿದ್ದು. ನಾನು ಮಲಗಿದ ಮೇಲೆ, ಸರ್ಜನ್ ಕತ್ತಿ ಹಿಡಿಯುವ ಮೊದಲು, ಸ್ಕ್ಯಾನ್ ಯಂತ್ರ ಇಟ್ಟು ನೋಡಿಕೊಂಡು ಆ ಜಾಗದ ನರಗಳ ಸುತ್ತ ಮರಗಟ್ಟಿಸುವ ಮದ್ದು ಹಾಕಿದ್ದಾರೆ. ಅದೇ ಕಟ್ಟ. ಜೊತೆಗೆ ಪ್ಯಾರಸಿಟಮಾಲ್ ಡ್ರಿಪ್. ಫೆಂಟನಿಲ್ ಎಂಬ ಬಲವಾದ ನೋವಿನ ಮದ್ದು ಸ್ವಲ್ಪವೇ. ಅದು ಯಾಕೆ ಸ್ವಲ್ಪ ಅಂದರೆ, ಆ ಜಾತಿಯ ಮದ್ದನ್ನು ಆಪರೇಷನ್ ಸಮಯದಲ್ಲಿ ತುಂಬಾ ಕೊಟ್ಟರೆ ಕೆಲವೊಮ್ಮೆ ತಿರುಗಿ ಹೊಡೆಯುತ್ತದಂತೆ. ಎಚ್ಚರವಾದ ಮೇಲೆ ದೇಹ ನೋವಿಗೆ ಇನ್ನೂ ಸೂಕ್ಷ್ಮ ಆಗಿಬಿಡುತ್ತದೆ. ಮದ್ದೇ ನೋವು ಜಾಸ್ತಿ ಮಾಡುವುದು! ಇದನ್ನು ಕೇಳಿ ನನಗೆ ತುಂಬಾ ಆಶ್ಚರ್ಯ ಆಯಿತು. ಕೊಯ್ಯುವಾಗ ನನ್ನ ಎದೆಬಡಿತ ಹೆಚ್ಚೇನೂ ಏರಲಿಲ್ಲ. ಬಿಸ್ ಅಂಕಿ ಉದ್ದಕ್ಕೂ 45ರಿಂದ 52ರ ಮಧ್ಯೆ ಇತ್ತು. ಆಳಕ್ಕೆ ಕಳಿಸಲೇ ಇಲ್ಲ.

ಎಚ್ಚರವಾದಾಗ ಮೊದಲು ಗೊತ್ತಾದದ್ದು ಗಂಟಲು. ಒಣಗಿ ಕೆರೆಯುತ್ತಿತ್ತು, ಕೊಳವೆ ಹಾಕಿದ್ದಕ್ಕೆ. ಆಮೇಲೆ ಚಳಿಗೆ ಹಲ್ಲು ಕಟಕಟ. ಮೇಲೆ ಬಿಸಿಗಾಳಿಯ ಹೊದಿಕೆ ಹಾಕಿದರು. ನಾನು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದೆ. ಈಗ ಬರುತ್ತದೆ, ಈಗ ಬರುತ್ತದೆ ಅಂತ. ಎಡಗಡೆ ಭಾರವಾಗಿತ್ತು, ಮರದ ಹಾಗೆ. ಬರಲಿಲ್ಲ.

"ವೇದನ ಉಂಡೋ?" ಸಿಸ್ಟರ್ ಕೇಳಿದರು.

ನಮಗೆ ವೇದನೆ ಅಂದರೆ ಪುಸ್ತಕದ ಶಬ್ದ. ಮನಸ್ಸಿನ ವೇದನೆ, ವಿರಹ ವೇದನೆ. ಅವರಿಗೆ ಅದು ಹಲ್ಲುನೋವಿಗೂ ಹೇಳುವ ಮಾತು. ತುಳುವಿನಲ್ಲಿ ಬೇನೆ, ಕನ್ನಡದಲ್ಲಿ ನೋವು. ನಮ್ಮ ವಾರ್ಡಿನಲ್ಲಿ ಒಂದೇ ದಿನ ಮೂರೂ ಶಬ್ದ ಕೇಳುತ್ತಿತ್ತು. ಅದಕ್ಕೇ ಇರಬೇಕು, ಅಲ್ಲಿ ಶಬ್ದಕ್ಕಿಂತ ಅಂಕಿಗೆ ಬೆಲೆ. ಸೊನ್ನೆಯಿಂದ ಹತ್ತು. ನಗುವ ಮುಖದಿಂದ ಅಳುವ ಮುಖದವರೆಗೆ ಚಿತ್ರ ಇದ್ದ ಒಂದು ಪಟ್ಟಿ ತೋರಿಸಿದರು. ನಾನು ಎರಡು ಅಂದೆ. ಅವರು ಅಷ್ಟಕ್ಕೆ ಬಿಡದೆ "ಕೆಮ್ಮಿ ನೋಡಿ" ಅಂದರು. ಕೆಮ್ಮಿದೆ. ಮೂರು. ಸುಮ್ನೆ ಮಲಗಿರುವಾಗ ಕೇಳಿದರೆ ಎಲ್ಲರೂ ಪರವಾಗಿಲ್ಲ ಅನ್ನುತ್ತಾರೆ. ಕೆಮ್ಮುವಾಗ, ಮಗ್ಗುಲಾಗುವಾಗ ಎಷ್ಟು ಅಂತ ಕೇಳಬೇಕು. ಇದನ್ನು ನಾನು ಅವತ್ತು ಕಲಿತೆ.

2013ರಲ್ಲಿ ಈ ಹೊತ್ತಿಗೆ ನನ್ನ ಅಂಕಿ ಎಷ್ಟಿತ್ತು ಅಂತ ಯೋಚಿಸಿದೆ. ಆಗ ಯಾರೂ ಅಂಕಿ ಕೇಳಿರಲಿಲ್ಲ. ಅಳು ಬಂತು. ಸಿಸ್ಟರ್ ನೋವು ಅಂದುಕೊಂಡು ಓಡಿ ಬಂದರು. ನೋವಲ್ಲ ಸಿಸ್ಟರ್ ಅಂದೆ.

ಎರಡು ವಿಷಯ ಅನಸ್ತೇಸಿಯಾ ಡಾಕ್ಟ್ರು ಮೊದಲೇ ಎಚ್ಚರಿಸಿದ್ದರು, ಎರಡೂ ಹಾಗೇ ಆಯಿತು. ಒಂದು, ನರಕ್ಕೆ ಹಾಕಿದ ಮದ್ದು ಪಕ್ಕಕ್ಕೆ ಹರಡಿ ಕಾಲಿಗೆ ಬಲ ಇಲ್ಲದ ಹಾಗಾಗಬಹುದು, ಒಬ್ಬರೇ ಎದ್ದು ಬಾತ್ರೂಮಿಗೆ ಹೋಗಬೇಡಿ ಅಂತ. ಸಂಜೆ ಎದ್ದು ನಿಂತಾಗ ಎಡ ಮೊಣಕಾಲು ಬಳುಕಿತು. ಹೆಂಡತಿ ಹಿಡಿದುಕೊಂಡಿದ್ದಳು. ಇಲ್ಲದಿದ್ದರೆ ಬೀಳುತ್ತಿದ್ದೆ. ಎರಡು, ಕಟ್ಟ ಒಡೆಯುವ ಹೊತ್ತು. ಆ ಮದ್ದಿನ ಪರಿಣಾಮ ಕೆಲವು ಗಂಟೆ ಮಾತ್ರ. ಅದು ಇಳಿಯುವಾಗ ನೋವು ಒಮ್ಮೆಲೇ ನುಗ್ಗುತ್ತದೆ. ಆದ್ದರಿಂದ ನೋವಿಲ್ಲ ಅಂತ ಮಾತ್ರೆ ಬಿಡಬಾರದು, ಕೊಟ್ಟ ಹೊತ್ತಿಗೆ ಸರಿಯಾಗಿ ತಗೊಳ್ಳಬೇಕು. ರಾತ್ರಿ ಹತ್ತು ಗಂಟೆಗೆ ಮಾತ್ರೆ ತಂದಾಗ ನನಗೆ ಏನೂ ನೋವಿರಲಿಲ್ಲ. ಬೇಡ ಅನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಅವರ ಮಾತು ನೆನಪಾಗಿ ನುಂಗಿದೆ. ಬೆಳಗಿನ ಜಾವ ಎರಡೂವರೆಗೆ ಎಡಗಡೆ ಚುರುಚುರು ಶುರುವಾಯಿತು. ನಾಲ್ಕಕ್ಕೆ ಅಂಕಿ ಐದು. ಆ ರಾತ್ರಿಯ ತುದಿ ಅದೇ. ಬೆಲ್ ಒತ್ತಿದೆ, ಡ್ರಿಪ್ ಹಾಕಿದರು, ಬೆಳಗಾಗುವಾಗ ಮೂರಕ್ಕೆ ಇಳಿಯಿತು. ಕೆಮ್ಮು ಬಂದಾಗ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಗಾಯದ ಮೇಲೆ ಒತ್ತಿ ಹಿಡಿದುಕೊಂಡು ಕೆಮ್ಮಿದೆ. ಅದು ನಿಜವಾಗಿ ಸಹಾಯ ಆಗುತ್ತದೆ.

ಬೆಳಿಗ್ಗೆ ಡಾಕ್ಟ್ರು ಬಂದಾಗ ನಾನು ಹೇಳಿದೆ, "ಡಾಕ್ಟ್ರೇ, ನಿಮ್ಮ ಕಟ್ಟದಿಂದ ಬಚಾವಾದೆ." ಅವರು ನಿಂತಲ್ಲೇ ತಿದ್ದಿದರು. ಸರ್ಜನ್ ಬೇರೆ, ಬಲೆ ಬೇರೆ ಇರಬಹುದು, ನರ ಸಿಕ್ಕಿಕೊಂಡಿಲ್ಲದೆ ಇರಬಹುದು, ಹೆದರಿಕೆ ಕಡಿಮೆ ಇತ್ತು. ಇಷ್ಟೆಲ್ಲ ಬದಲಾಗಿರುವಾಗ ಒಂದಕ್ಕೇ ಎಲ್ಲಾ ಹೆಸರು ಕೊಡಬೇಡಿ ಅಂದರು. ಸರಿ. ಒಬ್ಬ ಮನುಷ್ಯನ ಎರಡು ಗೆರೆಗಳಿಂದ ಶಾಸ್ತ್ರ ಆಗುವುದಿಲ್ಲ ಅಂತ ನನಗೂ ಗೊತ್ತು. ಆದರೆ ನಿದ್ದೆಯ ಆಳ ಜಾಸ್ತಿ ಮಾಡದೆಯೇ ಇಷ್ಟು ವ್ಯತ್ಯಾಸ ಆಯಿತಲ್ಲ, ಅದನ್ನು ನಾನು ಅನುಭವಿಸಿದವನು. ಮುಂದೆ ನಮ್ಮ ಮನೆಯಲ್ಲಿ ಯಾರಿಗೆ ಆಪರೇಷನ್ ಆದರೂ ನಾನು ಕೇಳುವುದು ಬೇರೆ ಪ್ರಶ್ನೆ. ಎಷ್ಟು ಮದ್ದು ಕೊಡುತ್ತೀರಿ ಅಂತ ಅಲ್ಲ. ಎಚ್ಚರವಾದ ಮೇಲಿನ ನೋವಿಗೆ ಏನು ಮಾಡುತ್ತೀರಿ, ನರಕ್ಕೆ ಮದ್ದು ಹಾಕಲು ಆಗುತ್ತದಾ, ಅದು ಇಳಿಯುವಾಗ ಏನು ಕೊಡುತ್ತೀರಿ, ರಾತ್ರಿ ಯಾರನ್ನು ಕರೆಯಬೇಕು. ಇದನ್ನು ಆಪರೇಷನ್ನಿಗೆ ಮೊದಲೇ ಕೇಳಬೇಕು. ಕೇಳಿದರೆ ಡಾಕ್ಟ್ರಿಗೆ ಬೇಜಾರಾಗುತ್ತದೆ ಅಂತ ನಾವು ಸುಮ್ಮನಿರುತ್ತೇವೆ. ನನಗೆ ಸಿಕ್ಕಿದವರಿಗೆ ಬೇಜಾರಾಗಲಿಲ್ಲ, ಖುಷಿಯಾಯಿತು.

ಎರಡನೆಯ ದಿನ ಮನೆಗೆ ಬಂದೆ. ಅಡಿಕೆ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಗಂಟೆಗೊಮ್ಮೆ ಅಂಕಿ ಬರೆದಿಟ್ಟೆ. ಒಂದು ಸಾಲು ಮಲಗಿದಾಗ, ಒಂದು ಸಾಲು ಕೆಮ್ಮಿದಾಗ. ಮೂರನೆಯ ದಿನ 2 ಮತ್ತು 4. ಐದನೆಯ ದಿನ 1 ಮತ್ತು 3. ಎಂಟನೆಯ ದಿನ ಅಂಗಳದ ತುದಿಯವರೆಗೆ ನಡೆದಾಗ 2. ಹದಿಮೂರನೆಯ ದಿನದ ಜಾಗದಲ್ಲಿ ಮಗಳು ಸೊನ್ನೆ ಬರೆದು ಅದಕ್ಕೆ ಕಣ್ಣು, ಬಾಯಿ ಇಟ್ಟಿದ್ದಾಳೆ.

ಹೊಲಿಗೆ ತೋರಿಸಲು ಹೋದ ದಿನ ಸರ್ಜನ್ ನೋಡಿ ಸರಿ ಉಂಟು ಅಂದ ಮೇಲೆ, ಅನಸ್ತೇಸಿಯಾ ಡಾಕ್ಟರನ್ನೂ ನೋಡಬೇಕು ಅಂತ ಕೇಳಿದೆ. ಆಪರೇಷನ್ ಮಧ್ಯೆ ಐದು ನಿಮಿಷ ಬಿಡುವು ಮಾಡಿಕೊಂಡು ಟೋಪಿ ಹಾಕಿಕೊಂಡೇ ಹೊರಗೆ ಬಂದರು. ಬಲಗಡೆಯ ಹಾಗೆ ಕರೆಂಟಿನ ಸೆಳೆತ ಉಂಟಾ ಅಂತ ಮೊದಲು ಕೇಳಿದರು. ಇಲ್ಲ, ಗೆರೆಯ ಕೆಳಗೆ ಒಂದು ರೂಪಾಯಿಯಷ್ಟು ಅಗಲ ಮುಟ್ಟಿದರೆ ಗೊತ್ತಾಗುವುದಿಲ್ಲ, ಅಷ್ಟೇ ಅಂದೆ. ಪುಸ್ತಕ ತೆಗೆದು ಆ ಹಾಳೆ ತೋರಿಸಿದೆ. ಅವರು ನಿಂತುಕೊಂಡೇ ಒಂದೊಂದೇ ಸಾಲು ಬೆರಳಿಟ್ಟು ಓದಿದರು.

"ನಾವು ರೋಗಿಯನ್ನು ಮೊದಲ ದಿನ ನೋಡುತ್ತೇವೆ, ಹೆಚ್ಚೆಂದರೆ ಮಾರನೆ ದಿನ. ಮೂರನೆಯ ದಿನ ಹೇಗಿತ್ತು, ಎಂಟನೆಯ ದಿನ ಹೇಗಿತ್ತು ಅಂತ ನಮಗೆ ಯಾರೂ ಬಂದು ಹೇಳುವುದಿಲ್ಲ" ಅಂದರು. "ಇದರ ಫೋಟೋ ತೆಗೆದುಕೊಳ್ಳಲಾ?"

ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಟ್ಟೆ.